ಹಿತ್ತಿಲ ಬಾಗಿಲು, ಮುಂಬಾಗಿಲು: ದಕ್ಷಿಣದ ಒಬ್ಬ ಅಜ್ಜನ ನೆನಪುಗಳು

ಪ್ರತಿಯೊಂದು ಮನೆಯಲ್ಲೂ ಬರೆಯದೇ ಉಳಿದ ಒಂದು ಇತಿಹಾಸವಿರುತ್ತದೆ. ಅದನ್ನು ಕಾಪಾಡಿಕೊಂಡು ಬಂದವರು ಅಜ್ಜ ಅಜ್ಜಿಯರು. ನಮ್ಮ ಮನೆತನ ಎಂಥದು, ಯಾವ ಮಣ್ಣಿನಿಂದ ಬಂದೆವು, ಹಿರಿಯರು ಎಷ್ಟು ದುಡಿದರು ಎಂಬುದನ್ನು ಅವರು ಅಭಿಮಾನದಿಂದ ಹೇಳುತ್ತಾರೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆದರೆ ಆ ಕತೆಯಲ್ಲಿ ಹೇಳದೆ ಬಿಟ್ಟ ಭಾಗವೂ ಇರಬಹುದಲ್ಲವೇ? ಹಿರಿಯರನ್ನು ಗೌರವಿಸುತ್ತಲೇ ಅವರ ಕಾಲದ ಅನ್ಯಾಯವನ್ನೂ ನೆನೆಯಲು ಸಾಧ್ಯವೇ? ಈ ಪ್ರಶ್ನೆಯನ್ನು ಬಹಳ ತೀವ್ರವಾಗಿ ಎದುರಿಸಿದ ಒಂದು ನಾಡಿದೆ. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗ.

ಅಮೆರಿಕದಲ್ಲಿ 'ದಕ್ಷಿಣ' ಎಂಬುದು ಬರಿಯ ದಿಕ್ಕಿನ ಹೆಸರಲ್ಲ, ಒಂದು ಬದುಕಿನ ಹೆಸರು. ಹತ್ತಿಯ ಹೊಲಗಳು, ಮನೆಯ ಮುಂದಿನ ಅಗಲವಾದ ಜಗಲಿ, ಸಂಜೆಯ ಮಾತುಕತೆ, ಹಿರಿಯರಿಗೆ ವಿನಯದಿಂದ ಉತ್ತರಿಸುವ ಮಕ್ಕಳು, ಭಾನುವಾರದ ದೇವಾಲಯ, ಬಂದವರಿಗೆಲ್ಲ ಊಟ. ಇವು ಆ ನಾಡಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳು. ಅದೇ ನಾಡು 1861ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಸಲುವಾಗಿ ದೇಶದಿಂದ ಬೇರ್ಪಟ್ಟಿತು. ಹನ್ನೊಂದು ರಾಜ್ಯಗಳು ಸೇರಿ ಕಟ್ಟಿದ ಒಕ್ಕೂಟ ನಾಲ್ಕು ವರ್ಷ ಹೋರಾಡಿ 1865ರಲ್ಲಿ ಸೋತಿತು. ಸುಮಾರು 40 ಲಕ್ಷ ಗುಲಾಮರಿಗೆ ಬಿಡುಗಡೆಯಾಯಿತು. ಆದರೆ ಸೋತವರ ಮನೆಗಳಲ್ಲಿ ಬೇರೊಂದು ಕತೆ ಬೆಳೆಯಿತು: ನಮ್ಮ ಹಿರಿಯರು ಗುಲಾಮಗಿರಿಗಾಗಿ ಕಾದಾಡಲಿಲ್ಲ, ಮಾನಕ್ಕಾಗಿ ಕಾದಾಡಿದರು, ಗುಲಾಮರು ಸುಖವಾಗಿಯೇ ಇದ್ದರು. 1894ರಲ್ಲಿ ಆ ಸೈನಿಕರ ವಂಶದ ಮಹಿಳೆಯರು ಒಂದು ಸಂಘ ಕಟ್ಟಿ, ಊರೂರಲ್ಲಿ ಸ್ಮಾರಕಗಳನ್ನು ನಿಲ್ಲಿಸಿದರು. ಶಾಲೆಯ ಪುಸ್ತಕಗಳಲ್ಲಿ ಏನಿರಬೇಕೆಂಬುದನ್ನೂ ನೋಡಿಕೊಂಡರು. ಅಜ್ಜಿಯ ಕತೆ ಹೀಗೆ ಇತಿಹಾಸವೇ ಆಗಿಬಿಟ್ಟಿತು.

ಈ ನಾಡಿನಲ್ಲಿ ಬೆಳೆದು, ಅದನ್ನು ಪ್ರೀತಿಸಿ, ಅದರ ಬಗ್ಗೆ ಸತ್ಯವನ್ನೂ ಬರೆದ ಒಬ್ಬ ಅಜ್ಜನಿದ್ದರು. ಅವರು ಜಿಮ್ಮಿ ಕಾರ್ಟರ್. 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಅವರು, ನೂರು ವರ್ಷ ತುಂಬಿ ಬಾಳಿ 2024ರ ಡಿಸೆಂಬರ್ 29ರಂದು ಜಾರ್ಜಿಯ ರಾಜ್ಯದ ಪ್ಲೇನ್ಸ್ ಎಂಬ ತಮ್ಮ ಹುಟ್ಟೂರಿನಲ್ಲಿಯೇ ತೀರಿಕೊಂಡರು. 2001ರಲ್ಲಿ ಅವರು 'ಆ್ಯನ್ ಅವರ್ ಬಿಫೋರ್ ಡೇಲೈಟ್' ಎಂಬ ಬಾಲ್ಯದ ನೆನಪುಗಳ ಪುಸ್ತಕ ಪ್ರಕಟಿಸಿದರು. ಬೆಳಕು ಹರಿಯುವುದಕ್ಕೆ ಒಂದು ಗಂಟೆ ಮುಂಚೆ ಎಂದು ಅದರ ಅರ್ಥ. ಆ ಹೊತ್ತಿಗೆ ಹೊಲದ ಗಂಟೆ ಬಾರಿಸುತ್ತಿತ್ತು, ದುಡಿಮೆ ಆರಂಭವಾಗುತ್ತಿತ್ತು. ಪುಸ್ತಕವನ್ನು ಅವರು ಅರ್ಪಿಸಿದ್ದು ತಮ್ಮ ಅತ್ಯಂತ ಕಿರಿಯ ಮೊಮ್ಮಗನಿಗೆ, ತನ್ನ ಪೂರ್ವಜರ ಬದುಕನ್ನು ಅವನು ಮುಂದೊಂದು ದಿನ ಅರಿಯಲಿ ಎಂಬ ಆಶಯದಿಂದ.

ಆ ಪುಸ್ತಕದ ಬಾಲ್ಯ ನಮಗೆ ಅಪರಿಚಿತವೆನಿಸುವುದಿಲ್ಲ. ಪ್ಲೇನ್ಸ್‌ಗೆ ಸಮೀಪದ ಆರ್ಚರಿ ಎಂಬ ಹಳ್ಳಿಗೆ ಅವರ ಕುಟುಂಬ ಬಂದದ್ದು 1928ರಲ್ಲಿ, ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗ. ಮನೆಯಲ್ಲಿ ವಿದ್ಯುತ್ ಇರಲಿಲ್ಲ, ಕೊಳಾಯಿಯ ನೀರೂ ಇರಲಿಲ್ಲ. ಹತ್ತಿ, ಕಡಲೆಕಾಯಿ, ಕಬ್ಬು ಬೆಳೆಯುತ್ತಿದ್ದರು. ಹಸಿ ಕಡಲೆಕಾಯಿಯನ್ನು ಕಿತ್ತು, ತೊಳೆದು, ಉಪ್ಪುನೀರಿನಲ್ಲಿ ಬೇಯಿಸಿ, ಪೊಟ್ಟಣ ಕಟ್ಟಿ ಊರಿನ ಬೀದಿಯಲ್ಲಿ ಮಾರುತ್ತಿದ್ದ ಆ ಹುಡುಗನನ್ನು ನಮ್ಮ ಸಂತೆಗಳಲ್ಲಿಯೂ ನೀವು ಕಂಡಿರಬಹುದು. ಹತ್ತಿಯ ಕಾಯಿ ಕೊರೆಯುವ ಹುಳುವನ್ನು ಕೊಲ್ಲಲು ಕಾಕಂಬಿಗೆ ವಿಷ ಬೆರೆಸಿ ಗಿಡಗಳಿಗೆ ಹಚ್ಚುವ ಕೆಲಸ ಅವನಿಗೆ ಬಹಳ ಬೇಸರ. ಕಾಕಂಬಿ ಅಂಟಿ ಒಣಗಿದ ಚಲ್ಲಣ ರಾತ್ರಿ ಮೂಲೆಯಲ್ಲಿ ತಾನಾಗಿಯೇ ಸೆಟೆದು ನಿಲ್ಲುತ್ತಿತ್ತಂತೆ. ಇಂಥ ಕಷ್ಟವನ್ನು ನೆನೆದು ಹೆಮ್ಮೆಪಡದ ಅಜ್ಜ ಯಾರಿದ್ದಾರೆ?

ಆದರೆ ಆ ಹೊಲದಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು. ಜಿಮ್ಮಿಯ ಆಟದ ಗೆಳೆಯರೆಲ್ಲ ಅವರ ಮಕ್ಕಳೇ. ತಂದೆತಾಯಿ ಊರಿನಲ್ಲಿಲ್ಲದ ರಾತ್ರಿ ಬಾಲಕ ಮಲಗುತ್ತಿದ್ದುದು ಜ್ಯಾಕ್ ಮತ್ತು ರೇಚೆಲ್ ಕ್ಲಾರ್ಕ್ ಎಂಬ ದುಡಿಯುವ ದಂಪತಿಗಳ ಗುಡಿಸಲಿನಲ್ಲಿ, ನೆಲದ ಮೇಲಿನ ಹಾಸಿಗೆಯಲ್ಲಿ. ಗಿಡಮರಗಳ ಹೆಸರು, ಮೀನು ಹಿಡಿಯುವ ಉಪಾಯ, ದೇವರ ಸೃಷ್ಟಿಯ ಬಗೆಗಿನ ಭಕ್ತಿ ಇವನ್ನು ರೇಚೆಲ್ ಆತನಿಗೆ ಕಲಿಸಿದಳು. ತಂದೆತಾಯಿಯರನ್ನು ಬಿಟ್ಟರೆ ತಮ್ಮ ಬಾಲ್ಯವನ್ನು ರೂಪಿಸಿದ ಐವರಲ್ಲಿ ಇಬ್ಬರು ಮಾತ್ರ ಬಿಳಿಯರು ಎಂದು ಕಾರ್ಟರ್ ಬರೆದಿದ್ದಾರೆ. ಹೀಗಿದ್ದರೂ ಆ ಗೆಳೆಯರು ಆತನ ಶಾಲೆಗೆ ಬರುವಂತಿರಲಿಲ್ಲ, ಆತನ ದೇವಾಲಯದಲ್ಲಿ ಕೂರುವಂತಿರಲಿಲ್ಲ. ಬಿಳಿಯ ಮಕ್ಕಳಿಗೆ ಶಾಲೆಯ ಬಸ್ಸು ಇತ್ತು. ಕಪ್ಪು ಮಕ್ಕಳು ನಡೆದು ಹೋಗುತ್ತಿದ್ದರು. 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ಈ ಪ್ರತ್ಯೇಕತೆಗೆ ಒಪ್ಪಿಗೆ ಕೊಟ್ಟಿತ್ತು.

ಈ ವ್ಯವಸ್ಥೆಯನ್ನು ಒಂದು ಮನೆಯ ಬಾಗಿಲುಗಳೇ ತೋರಿಸಿಕೊಡುತ್ತವೆ. ಕಪ್ಪು ವರ್ಣೀಯನಾದವನು ಬಿಳಿಯರ ಮನೆಗೆ ಬಂದರೆ ಹಿತ್ತಿಲ ಬಾಗಿಲಿಗೆ ಬರಬೇಕಿತ್ತು. ಆರ್ಚರಿಯಲ್ಲಿ ವಿಲಿಯಂ ಡೆಕರ್ ಜಾನ್ಸನ್ ಎಂಬ ಕಪ್ಪು ವರ್ಣೀಯ ಧರ್ಮಾಧ್ಯಕ್ಷರು ವಾಸವಾಗಿದ್ದರು. ಅವರು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಬಿಷಪ್, ಆ ಪ್ರದೇಶದಲ್ಲೇ ಅತ್ಯಂತ ಪ್ರತಿಷ್ಠಿತ ವ್ಯಕ್ತಿ. ಅವರು ಹಿತ್ತಿಲಿಗೆ ಹೋಗುವವರಲ್ಲ. ಮುಂಬಾಗಿಲಿಗೆ ಹೋಗುವಂತೆಯೂ ಇರಲಿಲ್ಲ. ಆದ್ದರಿಂದ ಜಿಮ್ಮಿಯ ತಂದೆ ಅರ್ಲ್ ಕಾರ್ಟರ್ ಅವರನ್ನು ಕಾಣಬೇಕಾದಾಗ ಅಂಗಳದಲ್ಲಿ ಕಾರು ನಿಲ್ಲಿಸಿ ಹಾರನ್ ಬಾರಿಸುತ್ತಿದ್ದರು. ಅರ್ಲ್ ಹೊರಗೆ ಬಂದು ಅಂಗಳದಲ್ಲೇ ಮಾತಾಡುತ್ತಿದ್ದರು. ಹೀಗೆ ಇಬ್ಬರ ಮಾನವೂ ಉಳಿಯುತ್ತಿತ್ತು, ಕಟ್ಟಳೆಯೂ ಉಳಿಯುತ್ತಿತ್ತು. ಆದರೆ ಬಿಷಪ್ಪರ ಮಗ, ಬೋಸ್ಟನ್‌ನಲ್ಲಿ ಓದಿದವನು, ನೇರವಾಗಿ ಮುಂಬಾಗಿಲಿಗೇ ಬರುತ್ತಿದ್ದ. ತಾಯಿ ಲಿಲಿಯನ್ ಅವನನ್ನು ಒಳಗೆ ಕರೆದು ಕೂರಿಸಿ ಮಾತಾಡಿಸುತ್ತಿದ್ದರು. ತಂದೆ ಮಾತ್ರ ಏನೂ ಕಾಣದವರಂತೆ ಮನೆಯಿಂದ ಹೊರಗೆ ನಡೆದುಬಿಡುತ್ತಿದ್ದರು.

1938ರ ಜೂನ್ 22ರ ರಾತ್ರಿಯ ಒಂದು ಪ್ರಸಂಗ ಇನ್ನೂ ಹೃದಯಸ್ಪರ್ಶಿಯಾಗಿದೆ. ಕಪ್ಪು ವರ್ಣೀಯ ಮುಷ್ಟಿಮಲ್ಲ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ನಡುವೆ ಆ ದಿನ ಪಂದ್ಯವಿತ್ತು. ನೆರೆಯ ದುಡಿಯುವ ಜನ ಬಂದು, ರೇಡಿಯೊ ಕೇಳಬಹುದೇ ಎಂದು ಅರ್ಲ್ ಅವರನ್ನು ಬೇಡಿದರು. ಅವರು ಬ್ಯಾಟರಿಯ ರೇಡಿಯೊವನ್ನು ಕಿಟಕಿಯಲ್ಲಿರಿಸಿದರು. ಜನ ಹೊರಗೆ ಕುಳಿತು ಕೇಳಿದರು. ಲೂಯಿಸ್ ಮೊದಲ ಸುತ್ತಿನಲ್ಲೇ ಗೆದ್ದುಬಿಟ್ಟ. ಅಂಗಳದಲ್ಲಿ ಒಂದು ಸದ್ದೂ ಆಗಲಿಲ್ಲ. ಅರ್ಲ್ ಅವರಿಗೆ ವಿನಯದಿಂದ ವಂದನೆ ಹೇಳಿ ಎಲ್ಲರೂ ಮೌನವಾಗಿ ರೈಲುಹಳಿ ದಾಟಿ, ತಮ್ಮವರ ಮನೆಯೊಂದನ್ನು ಸೇರಿ ಬಾಗಿಲು ಹಾಕಿಕೊಂಡರು. ಆಮೇಲೆ ಅಲ್ಲಿಂದ ಕೇಳಿಬಂದ ಹರ್ಷೋದ್ಗಾರ ರಾತ್ರಿಯಿಡೀ ನಿಲ್ಲಲಿಲ್ಲ. ಬಿಳಿಯರ ಅಂಗಳದಲ್ಲಿ ನಗುವುದಕ್ಕೂ ಸ್ವಾತಂತ್ರ್ಯವಿಲ್ಲದ ಬದುಕು ಎಂಥದೆಂಬುದನ್ನು ಆ ಮೌನವೇ ಹೇಳುವುದಿಲ್ಲವೇ?

ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ ಇನ್ನೊಂದು ಘಟನೆ ನಡೆಯಿತು. ಜಿಮ್ಮಿ ತನ್ನ ಇಬ್ಬರು ಕಪ್ಪು ಗೆಳೆಯರೊಡನೆ ಹೊಲದಿಂದ ಬರುತ್ತಿದ್ದ. ಹುಲ್ಲುಗಾವಲಿನ ಗೇಟು ಬಂದಾಗ ಗೆಳೆಯರು ಅದನ್ನು ತೆರೆದು ಹಿಂದೆ ಸರಿದು ನಿಂತರು, ಅವನು ಮೊದಲು ಹೋಗಲಿ ಎಂದು. ಏನೋ ಕುಚೇಷ್ಟೆ ಇರಬೇಕೆಂದು ಅವನು ಭಾವಿಸಿದ. ಕುಚೇಷ್ಟೆ ಇರಲಿಲ್ಲ. ಇನ್ನು ನೀವು ಸಮಾನರಲ್ಲ ಎಂದು ಮನೆಯವರು ಆ ಮಕ್ಕಳಿಗೆ ಹೇಳಿಕೊಟ್ಟಿರಬೇಕು ಎಂಬುದು ಅವನಿಗೆ ಹೊಳೆದದ್ದು ಬಹುಕಾಲದ ನಂತರ. ಅಂದಿನಿಂದ ಆ ಸ್ನೇಹ ಮೊದಲಿನಂತಿರಲಿಲ್ಲ.

ಇಷ್ಟನ್ನು ಓದಿ ಅರ್ಲ್ ಕಾರ್ಟರ್ ಕ್ರೂರಿಯೆಂದು ತೀರ್ಮಾನಿಸುವುದು ಸುಲಭ. ಮಗ ಹಾಗೆ ಮಾಡುವುದಿಲ್ಲ. 1953ರಲ್ಲಿ ತಂದೆ ಮರಣಶಯ್ಯೆಯಲ್ಲಿದ್ದಾಗ ಕಪ್ಪುಬಿಳುಪೆನ್ನದೆ ಜನ ಮನೆಗೆ ಬಂದು, ಅವರು ಗುಟ್ಟಾಗಿ ಮಾಡಿದ ಉಪಕಾರಗಳನ್ನು ನೆನೆದದ್ದನ್ನು ಮಗ ಕಂಡರು. ಅದನ್ನು ಕಂಡೇ ಅವರು ನೌಕಾಪಡೆಯ ಹುದ್ದೆ ತೊರೆದು ಊರಿಗೆ ಮರಳಿದರು. ಇದರಲ್ಲಿ ನಮಗೊಂದು ಗಂಭೀರ ಪಾಠವಿದೆ. ಅನ್ಯಾಯದ ವ್ಯವಸ್ಥೆಯೊಂದು ದುಷ್ಟರಿಂದ ಮಾತ್ರ ಬಾಳುವುದಿಲ್ಲ. ಒಳ್ಳೆಯ ತಂದೆಯರು, ಉದಾರಿಗಳು, ಭಕ್ತಿವಂತರು ಅದನ್ನು ಪ್ರಶ್ನಿಸದೆ ನಡೆಸಿಕೊಂಡು ಹೋಗುವುದರಿಂದಲೇ ಅದು ತಲೆಮಾರುಗಳವರೆಗೆ ಉಳಿಯುತ್ತದೆ.

ಕ್ರೈಸ್ತ ಸಭೆಯೂ ಈ ದೋಷದಿಂದ ಹೊರತಾಗಿರಲಿಲ್ಲ. ಗುಲಾಮಗಿರಿಯ ಪ್ರಶ್ನೆಯ ಮೇಲೆಯೇ 1845ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಪ್ರತ್ಯೇಕ ಒಕ್ಕೂಟ ಮಾಡಿಕೊಂಡರು. ಅದಕ್ಕಾಗಿ ಆ ಒಕ್ಕೂಟ ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷಗಳ ಬಳಿಕ. 1965ರಲ್ಲಿ ಪ್ಲೇನ್ಸ್‌ನ ಬ್ಯಾಪ್ಟಿಸ್ಟ್ ದೇವಾಲಯವು ಕಪ್ಪು ವರ್ಣೀಯರನ್ನು ಆರಾಧನೆಗೆ ಬಿಡಬಾರದೆಂಬ ವಿಷಯವನ್ನು ಮತಕ್ಕೆ ಹಾಕಿತು. ವಿರೋಧಿಸಿದವರು ಕಾರ್ಟರ್ ಕುಟುಂಬದವರು ಮತ್ತು ಇನ್ನೊಬ್ಬರು ಮಾತ್ರ. ಅನೇಕರು ಯಾವ ಕಡೆಗೂ ಮತ ಹಾಕದೆ ಸುಮ್ಮನೆ ಕುಳಿತರು. ಹಾಗೆಂದು ಕಾರ್ಟರ್ ಅವರನ್ನು ಕಳಂಕರಹಿತರೆನ್ನುವುದೂ ಸಲ್ಲದು. 1970ರ ಗವರ್ನರ್ ಚುನಾವಣೆಯಲ್ಲಿ ಅವರು ಪ್ರತ್ಯೇಕತಾವಾದಿಗಳ ಮತಗಳನ್ನೂ ಓಲೈಸಿದರು. ಗೆದ್ದ ಮೇಲೆ, 1971ರ ಜನವರಿಯಲ್ಲಿ ಅಧಿಕಾರ ವಹಿಸಿಕೊಳ್ಳುತ್ತಲೇ, ವರ್ಣಭೇದದ ಕಾಲ ಮುಗಿಯಿತೆಂದು ಸಾರಿ ಬೆಂಬಲಿಗರನ್ನು ಬೆಚ್ಚಿಬೀಳಿಸಿದರು. 1974ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾವಚಿತ್ರವನ್ನು ರಾಜ್ಯದ ಶಾಸನಭವನದಲ್ಲಿ ಇರಿಸಿದರು.

ಈ ಕತೆಗೆ ಭಾರತದೊಂದಿಗೆ ನಂಟೂ ಉಂಟು. ಮುಂಬಾಗಿಲಿನಲ್ಲಿ ಎಲ್ಲರನ್ನೂ ಬರಮಾಡಿಕೊಂಡ ಲಿಲಿಯನ್ ಕಾರ್ಟರ್ ದಾದಿಯಾಗಿದ್ದವರು. ಅವರು ಹುಟ್ಟಿದ್ದು 1898ರ ಆಗಸ್ಟ್ 15ರಂದು. ಅರವತ್ತೆಂಟರ ವಯಸ್ಸಿನಲ್ಲಿ, ಮೊಮ್ಮಕ್ಕಳನ್ನು ಆಡಿಸುತ್ತ ಕೂರಬಹುದಾಗಿದ್ದ ಆ ಅಜ್ಜಿ, 1966ರಲ್ಲಿ ಶಾಂತಿದಳದ ಸೇವಕಿಯಾಗಿ ಭಾರತಕ್ಕೆ ಬಂದರು. ಮುಂಬಯಿಯ ವಿಕ್ರೋಲಿಯಲ್ಲಿ 1968ರವರೆಗೆ ಬಡ ಕಾರ್ಮಿಕರ ಶುಶ್ರೂಷೆ ಮಾಡಿದರು. ಅಲ್ಲಿಂದ ಮನೆಯವರಿಗೆ ಬರೆದ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದವು.

ಇನ್ನು ಆ ನಾಡಿನ ಮತ್ತೊಂದು ಬಗೆಯ ಅಜ್ಜ ಅಜ್ಜಿಯರನ್ನು ನಾವು ಮರೆಯಬಾರದು. 1936ರಿಂದ 1938ರವರೆಗೆ ಅಮೆರಿಕ ಸರಕಾರದ ಯೋಜನೆಯೊಂದರಲ್ಲಿ ಬರಹಗಾರರು ಹಳ್ಳಿಹಳ್ಳಿಗೆ ಹೋಗಿ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ವೃದ್ಧರ ಮಾತುಗಳನ್ನು ಬರೆದುಕೊಂಡರು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಜನರ ನೆನಪುಗಳು ಹೀಗೆ ಉಳಿದಿವೆ. ಹರಾಜಿನಲ್ಲಿ ಅಗಲಿದ ತಾಯಂದಿರು, ಚಾವಟಿಯ ಏಟುಗಳು, ಕದ್ದು ಮಾಡಿದ ಪ್ರಾರ್ಥನೆಗಳು ಅಲ್ಲಿವೆ. ಕೇಳಲು ಬಂದವರು ಬಹುತೇಕ ಬಿಳಿಯರಾದ್ದರಿಂದ ಕೆಲವರು ಅಳುಕಿ ಮಾತಾಡಿರಬಹುದು. ಇವರೂ ದಕ್ಷಿಣದವರೇ. ದಕ್ಷಿಣದ ಪ್ರಸಿದ್ಧ ಅಡುಗೆಯನ್ನು ಬೆಳೆಸಿದ ಕೈಗಳು ಇವರವು. ಅಲ್ಲಿ ಅಚ್ಚುಮೆಚ್ಚಾದ ಬೆಂಡೆಕಾಯಿ ಆಫ್ರಿಕದಿಂದ ಬಂದದ್ದು, 'ಗಂಬೊ' ಎಂಬ ಖಾದ್ಯದ ಹೆಸರೂ ಅಲ್ಲಿಯದೇ. ಬ್ಯಾಂಜೊ ವಾದ್ಯದ ಮೂಲವೂ ಆಫ್ರಿಕವೇ. ಹೀಗಿರುವಾಗ ದಕ್ಷಿಣದ ಹೆಮ್ಮೆ ಒಂದೇ ವರ್ಣದವರ ಸೊತ್ತಾಗುವುದಾದರೂ ಹೇಗೆ?

ಪವಿತ್ರ ಗ್ರಂಥ ಈ ವಿಷಯದಲ್ಲಿ ನಮಗೆ ದಾರಿ ತೋರಿಸುತ್ತದೆ. ತಂದೆತಾಯಿಯರನ್ನು ಸನ್ಮಾನಿಸಬೇಕೆಂದು ಅದು ಆಜ್ಞಾಪಿಸುತ್ತದೆ. ಎಪ್ಪತ್ತೆಂಟನೆಯ ಕೀರ್ತನೆಯನ್ನು ಒಮ್ಮೆ ಬಿಡುವಿನಲ್ಲಿ ಓದಿರಿ. ಹಿರಿಯರಿಂದ ಕೇಳಿದ್ದನ್ನು ಮಕ್ಕಳಿಗೆ ಮರೆಮಾಡದೆ ತಿಳಿಸುತ್ತೇವೆಂದು ಆರಂಭವಾಗುವ ಅದು, ದೇವರ ಉಪಕಾರಗಳ ಜೊತೆಗೆ ಆ ಹಿರಿಯರ ಮೊಂಡುತನವನ್ನೂ ಅವಿಶ್ವಾಸವನ್ನೂ ಒಂದೊಂದಾಗಿ ಎಣಿಸುತ್ತದೆ. ಮಕ್ಕಳು ಆ ತಪ್ಪನ್ನೇ ಮತ್ತೆ ಮಾಡದಿರಲಿ ಎಂಬುದು ಅದರ ಕಳಕಳಿ. ಹೀಗೆ ಸತ್ಯ ಹೇಳುವುದು ಹಿರಿಯರಿಗೆ ಅಗೌರವ ತರುವುದಿಲ್ಲ. ಅವರು ಪಟ್ಟ ಕಷ್ಟಕ್ಕೆ ನಾವು ಸಲ್ಲಿಸಬೇಕಾದ ಋಣದಲ್ಲಿ ಅದೂ ಒಂದು ಭಾಗ.

ನಮ್ಮ ನಾಡಿನ ಹಳೆಯ ಮನೆಗಳಿಗೂ ಹಿತ್ತಿಲ ಬಾಗಿಲುಗಳಿದ್ದವು. ದುಡಿಯಲು ಬಂದವರಿಗೆ ಅಂಗಳದಾಚೆ ಕೂರಿಸಿ ಎತ್ತರದಿಂದ ನೀರು ಸುರಿದದ್ದನ್ನು, ಬೇರೆ ಲೋಟ, ಬೇರೆ ಎಲೆ ಇರಿಸಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದುದರಿಂದ, ಓದುಗರೇ, ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಅವರ ಕತೆಯನ್ನು ಕೇಳಿರಿ, ಸಾಧ್ಯವಾದರೆ ಬರೆದಿಡಿರಿ. ಅವರ ದುಡಿಮೆಗೆ ಹೆಮ್ಮೆಪಡಿರಿ. ಜೊತೆಗೆ ಒಂದು ಪ್ರಶ್ನೆಯನ್ನು ಮೃದುವಾಗಿ ಕೇಳಿರಿ: ಆ ದಿನಗಳಲ್ಲಿ ನಮ್ಮ ಮನೆಯ ಮುಂಬಾಗಿಲಿನಿಂದ ಯಾರು ಬರುತ್ತಿರಲಿಲ್ಲ? ಅವರ ಹೆಸರು ನಿಮಗೆ ನೆನಪಿದೆಯೇ? ಆ ಹೆಸರುಗಳೂ ನಿಮ್ಮ ಮನೆಯ ಇತಿಹಾಸದಲ್ಲಿ ಸೇರಲಿ.