ಕೋಲಾರದ ಚಿನ್ನ, ಕಾವೇರಿಯ ಕರೆಂಟು, ಪಾವಗಡದ ಬಿಸಿಲು

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಕಲ್ಲಿದ್ದಲು, ಪೆಟ್ರೋಲು ಬಿಟ್ಟು ಸೋಲಾರು, ಗಾಳಿ, ಬ್ಯಾಟರಿಗೆ ಹೋಗಬೇಕು ಅಂತ ಈಗ ಲೋಕವೆಲ್ಲಾ ಮಾತು. ಇದರಲ್ಲಿ ಅಮೆರಿಕದ ಕೈ ಮೇಲೋ, ಚೀನಾದ ಕೈ ಮೇಲೋ ಅಂತ ಟಿವಿಯಲ್ಲಿ ಚರ್ಚೆ. ಅದನ್ನು ಕೇಳುವಾಗೆಲ್ಲ ನನಗೆ ನೆನಪಾಗೋದು ಕೆಜಿಎಫ್. ಸಿನಿಮಾ ಅಲ್ಲ, ಊರು. ಯಾಕಂದ್ರೆ ಕಲ್ಲಿದ್ದಲು ಬಿಟ್ಟು ಹೊಗೆಯಿಲ್ಲದ ಕರೆಂಟಿಗೆ ಹೋಗೋ ಕೆಲಸ ನಮ್ಮ ನೆಲದಲ್ಲಿ 1902ರಲ್ಲೇ ಒಂದು ಸಲ ನಡೆದಿದೆ.

ಕೋಲಾರದ ಚಿನ್ನದ ಗಣಿಗಳು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿದ್ದವು. ಅಲ್ಲಿಯ ಯಂತ್ರಗಳು ಓಡುತ್ತಿದ್ದದ್ದು ಹಬೆಯಿಂದ. ಹಬೆಗೆ ಸೌದೆ ಬೇಕು, ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು ಬೇಕು. ಖರ್ಚು ವಿಪರೀತ. ಆಗ ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಸೇರಿ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ಕರೆಂಟು ತೆಗೆಯುವ ಯೋಜನೆ ಮಾಡಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಯಂತ್ರ ಕೊಟ್ಟಿತು. 1902ರ ಜೂನ್ ಕೊನೆಗೆ 92 ಮೈಲಿ ತಂತಿಯಲ್ಲಿ ಸುಮಾರು 4,000 ಅಶ್ವಶಕ್ತಿ ಗಣಿಗೆ ಮುಟ್ಟಿತು. (ಲೋಕದಲ್ಲೇ ಉದ್ದದ ಲೈನು ಅಂತ ನಮ್ಮವರು ಈಗಲೂ ಬರೀತಾರೆ. ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಇದಕ್ಕಿಂತ ಉದ್ದದ್ದು ಇತ್ತು. ಹೆಮ್ಮೆ ಪಡೋಕೆ ಸುಳ್ಳು ಬೇಕಿಲ್ಲ.)

ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದ್ರೆ ಮೊದಲು ಗಣಿ, ಆಮೇಲೆ ಊರು.

ನಾನು ಕಚೇರಿ ಗುಮಾಸ್ತ. ಯಾವ ಒಪ್ಪಂದ ನೋಡಿದರೂ ಕೊನೇ ಪುಟಕ್ಕೆ ಹೋಗಿ ಸಹಿ ಯಾರದು ಅಂತ ನೋಡೋದು ಅಭ್ಯಾಸ. ಈ ವ್ಯವಹಾರದಲ್ಲಿ ಮೈಸೂರು ಸರ್ಕಾರ ಇದೆ, ಲಂಡನ್ ಕಂಪನಿ ಇದೆ, ಅಮೆರಿಕದ ಕಂಪನಿ ಇದೆ. ಗಣಿಗೆ ಇಳಿದವರು ಎಲ್ಲೂ ಇಲ್ಲ. ಅವರು ಯಾರು? ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ಮಾತಾಡುವ ಆದಿ ದ್ರಾವಿಡರು. ಊರಿನ ಜೀತ, ಜಾತಿ, ಬರದಿಂದ ತಪ್ಪಿಸಿಕೊಂಡು ಬಂದವರು, ಬಿದಿರಿನ ತಟ್ಟಿ ಮನೆಗಳಲ್ಲಿ ಇದ್ದವರು. ಹೊಗೆ ಇಲ್ಲದ ಕರೆಂಟು ಬಂದ ಮೇಲೆ ಅವರ ಎದೆ ಹಗುರಾಯಿತಾ? ಇಲ್ಲ. ಕರೆಂಟು ಸಿಕ್ಕಿದ್ದರಿಂದ ನೀರೆತ್ತೋದು, ಗಾಳಿ ತಳ್ಳೋದು, ಕಲ್ಲು ಕುಟ್ಟೋದು ಅಗ್ಗವಾಯಿತು. ಗಣಿ ಇನ್ನೂ ಆಳಕ್ಕೆ ಹೋಯಿತು. ಕಡೆಗೆ ಚಾಂಪಿಯನ್ ರೀಫ್ 3 ಕಿಲೋಮೀಟರ್ ದಾಟಿತು. ಆಳ ಹೆಚ್ಚಿದಷ್ಟೂ ಸೆಕೆ, ಬಂಡೆ ಸಿಡಿತ. ಬೆಣಚುಕಲ್ಲು ಕೊರೆದ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್. ಇದೇ ಜನ 1930ರಲ್ಲಿ, ಕಳ್ಳರ ಹಾಗೆ ನಮ್ಮ ಬೆರಳಚ್ಚು ಯಾಕೆ ತಗೋತೀರಿ ಅಂತ ಕೆಲಸ ನಿಲ್ಲಿಸಿ ನಿಂತರು. ಮುಂದೆ ಆರ್‌ಪಿಐ ಶಾಸಕರನ್ನು ಗೆಲ್ಲಿಸಿದ್ದೂ ಇದೇ ಊರು.

ಈ ಕರೆಂಟಿನ ಇನ್ನೊಂದು ಕೊನೆ ಹಿಡಿದು ನಡೆದರೆ ಕನ್ನಂಬಾಡಿಗೆ ಬರ್ತೀವಿ. ಬೇಸಿಗೆಯಲ್ಲಿ ನದಿ ಇಳಿದರೆ ಕರೆಂಟೂ ಇಳೀತಿತ್ತು, ಗಣಿಗೆ ಮಾತ್ರ ವರ್ಷಪೂರ್ತಿ ಬೇಕು. 1911ರಲ್ಲಿ ಶುರುವಾದ ಕೆಆರ್‌ಎಸ್ ಕಟ್ಟೆಯ ಹಿಂದೆ ನೀರಾವರಿಯ ಜೊತೆಗೆ ಈ ಕಾರಣವೂ ಇತ್ತು. ನಮ್ಮ ಪಠ್ಯಪುಸ್ತಕದಲ್ಲಿ ಗದ್ದೆ ಮಾತ್ರ ಕಾಣುತ್ತೆ, ಗಣಿ ಕಾಣಲ್ಲ. ಮದ್ರಾಸ್ ತಕರಾರು ತೆಗೆಯಿತು. 1914ರಲ್ಲಿ ಗ್ರಿಫಿನ್ ತೀರ್ಪು, ಅದರ ಮೇಲೆ ಮೇಲ್ಮನವಿ, 1924ರಲ್ಲಿ ಒಪ್ಪಂದ. ಇಂಧನ ಬದಲಾದಾಗ ಜಗಳದ ನಕ್ಷೆಯೂ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಕಲ್ಲಿದ್ದಲಿಗೆ ರೈಲು ಸಾಕಿತ್ತು, ನೀರಿಗೆ ಎರಡು ಸೀಮೆಗಳ ನದಿ ಬೇಕಾಯ್ತು. 1991ರ ಕಾವೇರಿ ಗಲಭೆಯಲ್ಲಿ ಬೆಂಗಳೂರಿನಲ್ಲಿ ಏಟು ತಿಂದದ್ದು ಯಾರು? ಸ್ಲಮ್ಮಿನ ತಮಿಳು ಕೂಲಿಯವರು. ನೀರಿನ ಒಪ್ಪಂದಕ್ಕೂ ಅವರ ಸಹಿ ಇರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು, ಗಾಳಿ ಎದ್ದರೆ ಆ ಧೂಳು ಊರಿಗೇ ಬರುತ್ತೆ.

ಈಗ ಪಾವಗಡ. 13,000 ಎಕರೆ, ಐದು ಊರು, 2,050 ಮೆಗಾವಾಟ್. ಸೋಲಾರ್ ಫಲಕದ ತಯಾರಿಕೆಯಲ್ಲಿ ಪ್ರತಿ ಹಂತದಲ್ಲೂ 80 ಪರ್ಸೆಂಟಿಗಿಂತ ಹೆಚ್ಚು ಚೀನಾದ ಕೈಯಲ್ಲಿದೆ, ದೆಹಲಿಯವರ ತಲೆನೋವು ಅದು. ಸುಂಕ ಹಾಕ್ತಾರೆ, ಇಲ್ಲೇ ಮಾಡಿ ಅಂತಾರೆ. ಸರಿ, ಮಾಡಲಿ. ನಮ್ಮ ತಲೆನೋವು ಬೇರೆ. ಇಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ರೈತನ ಜಮೀನು ರೈತನ ಹೆಸರಲ್ಲೇ ಉಳೀತು, ಬರದ ಸೀಮೆಯಲ್ಲಿ ಅದು ಒಳ್ಳೇದೇ. ಆದರೆ ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕಿದ್ದ ಭೂಮಿ ಇಲ್ಲದ ನಮ್ಮವರಿಗೆ? ಕೂಲಿ ಹೋಯಿತು, ಕುರಿ ಮೇಯಿಸೋ ಜಾಗಕ್ಕೆ ಬೇಲಿ ಬಿತ್ತು. ಹುಲ್ಲು ಕೀಳೋದು, ಫಲಕ ತೊಳೆಯೋದು, ಕಾವಲು ಕಾಯೋದು, ಅಷ್ಟೇ ಉಳಿದದ್ದು. ಅದೂ ಕೆಲವರಿಗೆ.

ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿದ್ದಾಗ ವಿದ್ಯುತ್ ಖಾತೆಯೂ ಅವರ ಕೈಯಲ್ಲಿತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಮೂಲ ಕೈಗಾರಿಕೆ ಸರ್ಕಾರದ್ದಾಗಲಿ, ಭೂಮಿಯೂ ಸರ್ಕಾರದ್ದಾಗಲಿ, ಜಾತಿ ನೋಡದೆ ಹಂಚಲಿ, ಭೂಹೀನ ಕೂಲಿ ಅನ್ನೋ ವರ್ಗವೇ ಇರಬಾರದು ಅಂದರು. ಹಾಗೆ ನಡೆದಿದ್ದರೆ ಪಾವಗಡದ ಬಾಡಿಗೆ ಪಟ್ಟಿಯಲ್ಲಿ ಬೇರೆ ಹೆಸರುಗಳೂ ಇರ್ತಿದ್ದವು.

ಕನ್ನಂಬಾಡಿ ಇರುವ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೇ, ಮರಳಗಾಲದ ಕಡೆ ಸುಮಾರು 1,600 ಟನ್ ಲಿಥಿಯಂ ಇದೆ ಅಂತ ಅಂದಾಜು ಮಾಡಿದ್ದಾರೆ. ಬ್ಯಾಟರಿ ಕಾಲದಲ್ಲಿ ಇಷ್ಟು ಸಾಕು, ಇವತ್ತಲ್ಲ ನಾಳೆ ಕಡತ ತೆರೆಯುತ್ತೆ. ಆ ಕಡೆಯ ಗೆಳೆಯರು ಈಗಲೇ ಮೂರು ಕೆಲಸ ಶುರು ಮಾಡಿ: ದರಖಾಸ್ತು ಜಮೀನಿನ ಕಾಗದ ಸರಿ ಮಾಡಿಸಿ, ಭೂಮಿ ಇಲ್ಲದ ಮನೆಗಳ ಪಟ್ಟಿ ಬರೆದಿಡಿ, ಅದನ್ನ ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ ನಕಲು ತಗೊಳ್ಳಿ. ಅರ್ಜಿ ಬರೆಯೋಕೆ ಯಾರಾದರೂ ಬೇಕಿದ್ರೆ ಇನ್‌ಬಾಕ್ಸಿಗೆ ಬನ್ನಿ, ಭಾನುವಾರ ನಾನು ಬಿಡುವಾಗೇ ಇರ್ತೀನಿ.