ಎಡೋಗಾವಾ ನದೀಮುಖದ ಅದ್ಭುತಕಥೆಗಳು

ಟೋಕಿಯೋ ಮಹಾನಗರದ ಪೂರ್ವದ ಅಂಚಿನಲ್ಲಿ, ಬಹುಪಾಲು ಅರಾಕಾವಾ ಮತ್ತು ಎಡೋಗಾವಾ ಎಂಬ ಎರಡು ನದಿಗಳ ನಡುವೆ ಸಮುದ್ರದವರೆಗೂ ಚಾಚಿಕೊಂಡಿರುವ ತಗ್ಗುನೆಲವು, 1932ರಲ್ಲಿ ನಗರದ ಒಂದು ವಿಭಾಗವಾಗಿ ಸೇರ್ಪಡೆಯಾದಾಗ, ಎರಡನೆಯ ನದಿಯ ಹೆಸರನ್ನೇ ತನ್ನದಾಗಿಸಿಕೊಂಡಿತು. ಅಲ್ಲಿಯ ನಿಶಿಕಸಾಯ್ ಬಡಾವಣೆಯಲ್ಲಿ ಬೆಂಗಳೂರಿನಿಂದ ಹೋದ ಗಣಕಯಂತ್ರ ತಜ್ಞರ ಸಂಸಾರಗಳು ಬೀಡುಬಿಟ್ಟಿರುವುದರಿಂದ, ಕನ್ನಡಿಗರಲ್ಲಿ ಈ ಊರಿನ ಹೆಸರು ಅಪರಿಚಿತವೇನೂ ಅಲ್ಲ. ಆದರೆ ಅದ್ಭುತಕಥೆಗಳ ಇತಿಹಾಸದಲ್ಲಿ ಈ ನೆಲಕ್ಕಿರುವ ಸ್ಥಾನವನ್ನು ನಮ್ಮವರು ಅಷ್ಟಾಗಿ ಗಮನಿಸಿದಂತಿಲ್ಲ. 2023ರ ನವೆಂಬರ್ 3ರಂದು ಇಲ್ಲಿ ಮಾಟಗಾತಿಯೊಬ್ಬಳ ಕಥೆಯ ಸುತ್ತ ಒಂದು ಸಾಹಿತ್ಯಭವನ ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ, ಎಡೋಗಾವಾ ನದಿಯ ಆಚೆಯ ದಂಡೆಯನ್ನು ಒಳಗೊಂಡ ಪುರಾತನ ವೀರಕಥೆಯೊಂದು ಹೊಸ ಚಲನಚಿತ್ರವಾಗಿ ತೆರೆಗೆ ಬಂದಿತು. ಎರಡನ್ನೂ ಹೊಸತೆಂದೇ ಜನ ಬರಮಾಡಿಕೊಂಡರು. ಎರಡರ ಬೇರುಗಳೂ ಹಳೆಯವು.

ಚಿತ್ರಕ್ಕೆ ಆಧಾರವಾದ ಕಥೆ ಕ್ಯೋಕುತೆಯ್ ಬಾಕಿನ್ ಎಂಬ, ಇಂದಿನ ಟೋಕಿಯೋ ಆದ ಎಡೋ ನಗರದ ಲೇಖಕ 1814ರಿಂದ 1842ರವರೆಗೆ, ಅಂದರೆ 28 ವರ್ಷಗಳ ಕಾಲ, 106 ಹೊತ್ತಗೆಗಳಲ್ಲಿ ಹೊರತಂದ 'ಹಕ್ಕೆಂದೆನ್'. ನಮ್ಮ ಮೈಸೂರಿನಲ್ಲಿ ಕೆಂಪುನಾರಾಯಣನು 'ಮುದ್ರಾಮಂಜೂಷ'ವನ್ನು ಬರೆದ 1823ನೆಯ ಇಸವಿಗೆ ಬಾಕಿನ್ ಇನ್ನೂ ತನ್ನ ಕಥೆಯ ನಡುದಾರಿಯಲ್ಲಿದ್ದ. ಒಬ್ಬ ರಾಜಕುಮಾರಿಯ ಜಪಮಾಲೆಯಿಂದ ಚೆದರಿಹೋದ ಎಂಟು ಮಣಿಗಳು, ಒಂದೊಂದರಲ್ಲಿಯೂ ಒಂದೊಂದು ಸದ್ಗುಣದ ಅಕ್ಷರ, ಆ ಮಣಿಗಳನ್ನು ಪಡೆದು ಹುಟ್ಟಿದ ಎಂಟು ವೀರರು: ಇದು ಅದರ ವಸ್ತು. ಆ ವೀರರಲ್ಲಿ ಇಬ್ಬರು ಎತ್ತರದ ಮಾಳಿಗೆಯ ಮೇಲೆ ಹೋರಾಡುತ್ತಾ ಜಾರಿ ಕೆಳಗಿನ ದೋಣಿಗೆ ಬಿದ್ದು, ಪ್ರವಾಹದಲ್ಲಿ ತೇಲುತ್ತ ಬಂದು ಸೇರುವುದು ಗ್ಯೋಟೋಕು ಎಂಬ ಗ್ರಾಮಕ್ಕೆ. ಅದು ಎಡೋಗಾವಾ ವಿಭಾಗದ ಎದುರುದಂಡೆ. ಬಾಕಿನ್ ಈ ಸ್ಥಳವನ್ನು ಸುಮ್ಮನೆ ಆರಿಸಿರಲಾರ. ಗ್ಯೋಟೋಕು ಉಪ್ಪಿನ ಊರು. ಅಲ್ಲಿಯ ಉಪ್ಪನ್ನು ಎಡೋ ನಗರಕ್ಕೆ ಸಾಗಿಸಲೆಂದೇ ಅಂದು ಜಪಾನನ್ನು ಆಳುತ್ತಿದ್ದ ತೊಕುಗಾವಾ ಪ್ರಭುತ್ವವು 17ನೆಯ ಶತಮಾನದಲ್ಲಿ ಕಾಲುವೆಗಳನ್ನು ತೋಡಿಸಿತ್ತು, ಅವುಗಳಲ್ಲಿ ಒಂದಾದ ಶಿನ್‌ಕಾವಾ ಇಂದಿಗೂ ಎಡೋಗಾವಾ ವಿಭಾಗದ ನಡುವೆ ಹರಿಯುತ್ತಿದೆ. ಯಾತ್ರಿಕರೂ ವ್ಯಾಪಾರಿಗಳೂ ದಿನನಿತ್ಯ ಈ ಜಲಮಾರ್ಗದಲ್ಲಿ ಹೋಗಿಬರುತ್ತಿದ್ದುದರಿಂದ, ಆ ಹೆಸರು ಓದುಗನಿಗೆ ತಾನು ಕಂಡು ಬಲ್ಲ ಊರಿನದೇ ಆಗಿತ್ತು. ಅದ್ಭುತವು ನಂಬಿಕೆಗೆ ಅರ್ಹವಾಗಬೇಕಾದರೆ ಅದರ ಕಾಲು ಪರಿಚಿತವಾದ ಮಣ್ಣಿನಲ್ಲಿರಬೇಕೆಂಬುದು ಬಾಕಿನ್‌ಗೆ ಚೆನ್ನಾಗಿ ತಿಳಿದಿತ್ತು.

ಇಂತಹ ಗ್ರಂಥಗಳ ಬೆಲೆ ಸಾಮಾನ್ಯನ ಕೈಗೆ ಎಟುಕುವಂತಿರಲಿಲ್ಲ. ಆದ್ದರಿಂದ ಅವನ್ನು ಜನರು ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ಪಡೆಯುತ್ತಿದ್ದರು. ಹೊತ್ತಗೆಗಳನ್ನು ದೊಡ್ಡ ಬಟ್ಟೆಯಲ್ಲಿ ಗಂಟುಕಟ್ಟಿ, ತಲೆಗಿಂತ ಎತ್ತರವಾದ ಆ ಹೊರೆಯನ್ನು ಬೆನ್ನಿಗೇರಿಸಿಕೊಂಡು ಮನೆಮನೆಗೆ ತಿರುಗುತ್ತಿದ್ದ ಬಾಡಿಗೆ ಪುಸ್ತಕದವರು 1808ರಲ್ಲಿ ಎಡೋ ನಗರವೊಂದರಲ್ಲಿಯೇ 656 ಮಂದಿ ಇದ್ದರು. ಮುಂದಿನ ಭಾಗ ಬಂತೇ ಎಂದು ಬಾಗಿಲಲ್ಲಿ ಕೇಳಿಸಿಕೊಳ್ಳುತ್ತಿದ್ದವನು ಈ ಪುಸ್ತಕದವನೇ ಹೊರತು ಲೇಖಕನಲ್ಲ. ಕೊನೆಯ ವರ್ಷಗಳಲ್ಲಿ ಬಾಕಿನ್ ಎರಡು ಕಣ್ಣುಗಳನ್ನೂ ಕಳೆದುಕೊಂಡು, ವಿಧವೆಯಾಗಿದ್ದ ಸೊಸೆ ಓಮಿಚಿಗೆ ಹೇಳಿ ಬರೆಸಬೇಕಾಯಿತು. ಕಠಿಣವಾದ ಚೀನೀ ಲಿಪಿಯಲ್ಲಿ ಆಕೆಗೆ ಪರಿಶ್ರಮವಿರದ ಕಾರಣ, ಒಂದೊಂದು ಅಕ್ಷರದ ರೂಪವನ್ನೂ ಬಾಯಿಮಾತಿನಲ್ಲಿ ವಿವರಿಸುತ್ತ ಅವನು ಕಥೆಯನ್ನು ಮುಗಿಸಿದ. ವ್ಯಾಸರಿಗೆ ಗಣಪತಿ ದೊರೆತನು. ಆದರೆ ಗಣಪತಿಗೆ ಅಕ್ಷರ ಕಲಿಸುವ ಕಷ್ಟ ವ್ಯಾಸರಿಗೆ ಬಂದಿರಲಿಲ್ಲ. 2024ರ ಚಿತ್ರದಲ್ಲಿ ನಿರ್ದೇಶಕ ಸೋರಿ ಫುಮಿಹಿಕೊ, ಯಾಮಾದಾ ಫೂತಾರೋ ಅವರ ಕಾದಂಬರಿಯನ್ನು ಅನುಸರಿಸಿ, ವೀರರ ಸಾಹಸವನ್ನೂ ಬಾಕಿನ್‌ನ ಬದುಕನ್ನೂ ಒಟ್ಟಿಗೆ ಹೆಣೆದಿದ್ದಾರೆ. ಬಾಕಿನ್ ಆಗಿ ಅಭಿನಯಿಸಿದವರು ಯಾಕುಶೋ ಕೋಜಿ. ಎಂಟು ವೀರರ ಕತ್ತಿವರಸೆಗಿಂತ ಈ ಮುದುಕನ ಕಥೆಯೇ ದೊಡ್ಡ ಅದ್ಭುತವೆಂದು ನನ್ನ ಅಭಿಮತ.

ಇನ್ನು ಈಚೆಯ ದಂಡೆಯ ಮಾತು. ನದೀಮುಖದ ಕಸಾಯ್ ಗ್ರಾಮವು ಮೀನು, ಚಿಪ್ಪು ಹಾಗೂ ನೋರಿಯೆಂಬ ಕಡಲಪಾಚಿಯ ಕೃಷಿಯಿಂದ ಬಾಳಿದ ಊರು. 1958ರಲ್ಲಿ ಎಡೋಗಾವಾ ವಿಭಾಗದ ಹೊನ್ಶೂ ಕಾಗದ ಕಾರ್ಖಾನೆಯು ನದಿಗೆ ಕಪ್ಪುನೀರನ್ನು ಬಿಟ್ಟಿತು. ಮೀನುಗಳು ಸತ್ತು ತೇಲಿದವು. ಜೂನ್ 10ರಂದು ಎದುರುದಂಡೆಯ ಉರಾಯಾಸುವಿನ ನೂರಾರು ಬೆಸ್ತರು ಕಾರ್ಖಾನೆಗೆ ನುಗ್ಗಿ ಪೊಲೀಸರೊಡನೆ ಸೆಣಸಿದರು. ಆ ವರ್ಷ ಮುಗಿಯುವ ಮೊದಲೇ ಜಪಾನಿನ ಸಂಸತ್ತು ಜಲಮಾಲಿನ್ಯವನ್ನು ಕುರಿತು ಎರಡು ಶಾಸನಗಳನ್ನು ಮಾಡಿತಾದರೂ, ಕಡಲು ಅಷ್ಟರಲ್ಲಿ ಕೈಬಿಟ್ಟಿತ್ತು. ಬೆಸ್ತರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು; ಕಡಲನ್ನು ಮಣ್ಣಿನಿಂದ ತುಂಬಲಾಯಿತು. ಉರಾಯಾಸುವಿನ ಹೊಸ ನೆಲದ ಮೇಲೆ 1983ರಲ್ಲಿ ಡಿಸ್ನಿಲ್ಯಾಂಡ್ ಎದ್ದಿತು. ಕಸಾಯ್‌ನ ಹೊಸ ನೆಲದ ಮೇಲೆ ವಸತಿಗಳೂ ಉದ್ಯಾನಗಳೂ ಬೆಳೆದವು. ಆ ಉದ್ಯಾನಗಳಲ್ಲೊಂದಾದ ನಗಿಸಾದ ದಿಬ್ಬದ ಮೇಲೆಯೇ ಮಾಟಗಾತಿಯ ಭವನವಿರುವುದು.

ಮಾಟಗಾತಿಯ ಹೆಸರು ಕಿಕಿ. ಅವಳನ್ನು ಸೃಷ್ಟಿಸಿದ ಕಾದೋನೊ ಏಯ್ಕೊ 1935ರ ಜನವರಿ 1ರಂದು ಟೋಕಿಯೋದಲ್ಲಿ ಹುಟ್ಟಿ, 3ನೆಯ ವಯಸ್ಸಿನಿಂದ ಎಡೋಗಾವಾ ವಿಭಾಗದ ಕಿತಾ ಕೊಯಿವಾದಲ್ಲಿ ಬೆಳೆದವರು. 5ನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಮಗುವಿಗೆ ತಂದೆಯ ಕಥೆಗಳೇ ಆಸರೆ. ಅದರ ಮೇಲೆ ಯುದ್ಧ, ಊರು ಬಿಟ್ಟು ಯಾಮಾಗಾತಾ ಪ್ರಾಂತಕ್ಕೆ ವಲಸೆ. 1959ರಲ್ಲಿ ಬ್ರೆಜಿಲಿಗೆ ಹೋಗಿ ಎರಡು ವರ್ಷ ಇದ್ದು, ಅಲ್ಲಿಯ ನೆರೆಮನೆಯ ಹುಡುಗನನ್ನು ಕುರಿತು 1970ರಲ್ಲಿ ಮೊದಲ ಪುಸ್ತಕ ಬರೆದರು. ಪೊರಕೆಯ ಮೇಲೆ ರೇಡಿಯೋ ತಗುಲಿಹಾಕಿಕೊಂಡು ಹಾರುವ ಮಾಟಗಾತಿಯ ಚಿತ್ರವೊಂದನ್ನು ಮಗಳು ಬರೆದಿದ್ದಳು; ಅದರಿಂದ ಮೂಡಿದ ಕಿಕಿಯ ಕಥೆ 1985ರಲ್ಲಿ ಪುಸ್ತಕವಾಯಿತು, 1989ರಲ್ಲಿ ಮಿಯಾಜಾಕಿ ಹಯಾವೊ ಅವರ ಕೈಯಲ್ಲಿ ಚಲನಚಿತ್ರವಾಯಿತು. 13 ವರ್ಷ ತುಂಬಿದ ಹುಡುಗಿ ಕರಿಬೆಕ್ಕಿನೊಡನೆ ಮನೆ ಬಿಟ್ಟು, ಅಪರಿಚಿತ ಕಡಲತಡಿಯ ಪಟ್ಟಣದಲ್ಲಿ ಪರರ ಗಂಟುಮೂಟೆಗಳನ್ನು ಮನೆಮನೆಗೆ ಮುಟ್ಟಿಸಿ ಹೊಟ್ಟೆ ಹೊರೆದುಕೊಳ್ಳುತ್ತಾಳೆ. ಅವಳಿಗೆ ಬರುವ ಮಂತ್ರ ಹಾರುವುದೊಂದೇ, ಮಿಕ್ಕದ್ದೆಲ್ಲ ದುಡಿಮೆ. ಎಡೋ ನಗರದ ಬಾಡಿಗೆ ಪುಸ್ತಕದವನು ಅವಳನ್ನು ಕಂಡಿದ್ದರೆ ತನ್ನ ಕಸುಬಿನವಳೆಂದೇ ಮಾತನಾಡಿಸುತ್ತಿದ್ದ. 2018ರಲ್ಲಿ ಕಾದೋನೊ ಅವರಿಗೆ ಮಕ್ಕಳ ಸಾಹಿತ್ಯದ ಆಂಡರ್ಸನ್ ಪ್ರಶಸ್ತಿ ಸಂದಿತು.

ವಾಸ್ತುಶಿಲ್ಪಿ ಕುಮಾ ಕೆಂಗೊ ರಚಿಸಿದ ಭವನ ಹೊರಗೆ ಶುಭ್ರಶ್ವೇತ, ಒಳಗೆ ಸ್ಟ್ರಾಬೆರಿ ಹಣ್ಣಿನ ಕೆಂಪು. ಕಿಟಕಿಯ ಹೊರಗೆ ಎಡೋಗಾವಾ ನದಿಯ ಹಳೆಯ ಹರಿವು. ಇದೇ ವಿಭಾಗದ ಆಡಳಿತವು 2019ರಲ್ಲಿ ಮನೆಮನೆಗೂ ಹಂಚಿದ ಪ್ರವಾಹಭೀತಿಯ ನಕ್ಷೆಯ ಮುಖಪುಟದಲ್ಲಿ, ಇಲ್ಲಿ ನಿಲ್ಲಬೇಡಿರೆಂದು ಜನರನ್ನು ನೇರವಾಗಿ ಎಚ್ಚರಿಸಿತ್ತು. ಅಷ್ಟು ತಗ್ಗು ಈ ನೆಲ. ಸಮುದ್ರವನ್ನು ಕಳೆದುಕೊಂಡ ಊರು ಕಥೆಯೊಂದಕ್ಕೆ ಮನೆ ಕಟ್ಟಿಸಿದ್ದು ಉಚಿತವೇ. ಆದರೆ ಕಥೆಗೆ ಸಂದಷ್ಟು ಗೌರವ ಬೆಸ್ತರಿಗೂ ಸಲ್ಲಬೇಕಾಗಿತ್ತು. ನಿಶಿಕಸಾಯ್‌ನಲ್ಲಿ ವಾಸಿಸುವ ಕನ್ನಡ ತಂದೆತಾಯಿಗಳು ಮಕ್ಕಳನ್ನು ಕಿಕಿಯ ಮನೆಗೆ ಕರೆದುಕೊಂಡು ಹೋದಾಗ, ಹಿಂದಿರುಗುವ ಮುನ್ನ ನದಿಯ ದಂಡೆಗೂ ನಡೆಸಿಕೊಂಡು ಹೋಗಿ, ಕಾಲ ಕೆಳಗಿನ ಮಣ್ಣು ಮೊನ್ನೆಮೊನ್ನೆಯವರೆಗೂ ಕಡಲಾಗಿತ್ತೆಂಬುದನ್ನು ಹೇಳಬೇಕಾಗಿ ವಿನಂತಿ.