ತವರಿನ ಹೆರಿಗೆ ಯಾವ ಊರಿನ ಲೆಕ್ಕಕ್ಕೆ? ಆರೋಗ್ಯ ಕಾರ್ಯಕ್ರಮಗಳ ಮಾಹಿತಿ ಏಕೀಕರಣ ಕುರಿತು

ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳ ಮಾಹಿತಿಯನ್ನು ಒಂದೇ ತಂತ್ರಾಂಶದಡಿ ತರುವುದನ್ನು ನಮ್ಮಲ್ಲಿ ಬಹುಮಟ್ಟಿಗೆ ತಾಂತ್ರಿಕ ಕೆಲಸವೆಂದೇ ಎಣಿಸಲಾಗಿದೆ. ಏನನ್ನು ಎಣಿಸಬೇಕು, ಎಣಿಸಿದ್ದನ್ನು ಯಾವ ಊರಿನ ಲೆಕ್ಕಕ್ಕೆ ಹಾಕಬೇಕು ಎಂಬುದು ಮೊದಲು ಇತ್ಯರ್ಥವಾಗದಿದ್ದರೆ ಸರ್ವರ್‌ಗಳನ್ನು ಜೋಡಿಸಿಯೂ ಫಲವಿಲ್ಲ ಎಂಬುದು ಈ ಲೇಖನದ ವಾದ.

ಭಾರತದಲ್ಲಿ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಯ (ಎಚ್‌ಎಂಐಎಸ್) ಪೋರ್ಟಲ್ 2008ರಲ್ಲಿ ಬಂತು. ತಾಯಿ-ಮಗುವನ್ನು ಹೆಸರು ಹಿಡಿದು ಗುರುತಿಸುವ ವ್ಯವಸ್ಥೆ 2009ರಲ್ಲಿ ಶುರುವಾಗಿ ಮುಂದೆ ಆರ್‌ಸಿಎಚ್ ಪೋರ್ಟಲ್ ಆಯಿತು. ಕ್ಷಯರೋಗಕ್ಕೆ 2012ರಲ್ಲಿ ನಿಕ್ಷಯ್ ಬಂತು. ಎಚ್‌ಎಂಐಎಸ್‌ಗೆ ಬೇಕಾದದ್ದು ತಿಂಗಳ ಮೊತ್ತ; ಉಳಿದೆರಡಕ್ಕೆ ಬೇಕಾದದ್ದು ವ್ಯಕ್ತಿ. ತೊಡಕು ಹುಟ್ಟುವುದು ಇಲ್ಲೇ.

ಲಿಂಗಸುಗೂರು ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ನೋಂದಣಿಯಾಗಿ ತಾಯಿ ಕಾರ್ಡ್ ಪಡೆದ ಗರ್ಭಿಣಿ, ಚೊಚ್ಚಲ ಹೆರಿಗೆಗೆ ಕುಷ್ಟಗಿಯ ತವರಿಗೆ ಹೋದಳೆನ್ನೋಣ. ಅಲ್ಲಿನ ಆಸ್ಪತ್ರೆ ಆ ಹೆರಿಗೆಯನ್ನು ತನ್ನ ತಿಂಗಳ ಮೊತ್ತಕ್ಕೆ ಸೇರಿಸುತ್ತದೆ. ಆರ್‌ಸಿಎಚ್‌ನಲ್ಲಿ ಮಾತ್ರ ಆಕೆ ಲಿಂಗಸುಗೂರಿನ ಪಟ್ಟಿಯಲ್ಲೇ ಉಳಿದಿರುತ್ತಾಳೆ. ಯಾರಾದರೂ ತಿದ್ದುವವರೆಗೆ ಆಕೆಯ ಹೆರಿಗೆ ಬಾಕಿ. ಒಂದು ಎಣಿಸುವುದು ಘಟನೆ ನಡೆದ ಜಾಗವನ್ನು, ಇನ್ನೊಂದು ವಾಸದ ಊರನ್ನು. ಆದ್ದರಿಂದ ಎರಡೂ ತಮ್ಮ ಮಟ್ಟಿಗೆ ಸರಿಯೇ. ಇದರ ಮೇಲೆ, ನಿರೀಕ್ಷಿತ ಗರ್ಭಿಣಿಯರ ಸಂಖ್ಯೆಯನ್ನು ಇಂದಿಗೂ 2011ರ ಜನಗಣತಿಯಿಂದ ಅಂದಾಜಿಸಬೇಕಾಗಿದೆ. ಹೀಗಿರುವಾಗ ಒಂದು ತಾಲ್ಲೂಕಿನ ಸಾಂಸ್ಥಿಕ ಹೆರಿಗೆ ಶೇ. 100 ದಾಟುವುದೂ, ಪಕ್ಕದ ತಾಲ್ಲೂಕಿನದು ಕುಸಿಯುವುದೂ ಸಹಜ. ಇದನ್ನು ದಾಖಲಾತಿಯ ಬೇಜವಾಬ್ದಾರಿ ಎಂದು ಬಗೆದು ಆರೋಗ್ಯ ಸಹಾಯಕಿಯಿಂದ ವಿವರಣೆ ಕೇಳುವುದು ಅನ್ಯಾಯ. ಹೆರಿಗೆಗೆ ತವರಿಗೆ ಹೋಗುವ ಸಮಾಜಕ್ಕೆ ಎರಡೂ ಊರುಗಳ ಸಂಕೇತವನ್ನು ಒಟ್ಟಿಗೆ ಹಿಡಿದಿಡುವ ದಾಖಲೆ ಬೇಕು.

ಹೊರದೇಶಗಳ ಅನುಭವ ಇಲ್ಲಿ ಉಪಯುಕ್ತ. ವರ್ಣಭೇದ ನೀತಿ ಕೊನೆಗೊಂಡ 1994ರ ನಂತರ ದಕ್ಷಿಣ ಆಫ್ರಿಕಾದಲ್ಲಿ ಜಿಲ್ಲಾ ಆರೋಗ್ಯ ಮಾಹಿತಿ ತಂತ್ರಾಂಶ ಡಿಎಚ್‌ಐಎಸ್ ರೂಪುಗೊಂಡಿತು. ಅಲ್ಲಿ ಅನಿವಾರ್ಯವಾದ ಕೆಲವೇ ಅಂಶಗಳ ಪಟ್ಟಿಯನ್ನು ಮೊದಲು ಒಪ್ಪಿಕೊಂಡರು. ಅದರ ಎರಡನೆಯ ಆವೃತ್ತಿ 2006ರಲ್ಲಿ ಮೊದಲು ಬಳಕೆಗೆ ಬಂದದ್ದು ನೆರೆಯ ಕೇರಳದಲ್ಲಿ. 2008ರ ಹೊತ್ತಿಗೆ ಸಿಯೆರಾ ಲಿಯೋನ್ ಬೇರೆ ದಾರಿ ಹಿಡಿಯಿತು. ಅಂತರ್ಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ಆ ದೇಶದಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಅದರದೇ ನಮೂನೆಯಿತ್ತು, ಒಂದೇ ಪ್ರಶ್ನೆ ಹಲವೆಡೆ ಬರುತ್ತಿತ್ತು. ಯಾರ ನಮೂನೆಯನ್ನೂ ಕಿತ್ತುಕೊಳ್ಳದೆ, ಎಲ್ಲವನ್ನೂ ಒಂದೇ ಭಂಡಾರಕ್ಕೆ ಹಾಕಿ, ಒಂದೇ ಅರ್ಥದ ಪ್ರಶ್ನೆಗಳನ್ನು ಒಳಗೊಳಗೇ ಒಂದುಗೂಡಿಸಿದರು. ಪುನರಾವರ್ತನೆ ಕಣ್ಣಿಗೆ ಕಂಡ ಮೇಲೆ ನಮೂನೆಗಳನ್ನು ಪರಿಷ್ಕರಿಸುವ ಮಾತು ಸುಲಭವಾಯಿತು. ಕಾರ್ಯಕ್ರಮಗಳು ತಮ್ಮ ತಮ್ಮ ಹಣ, ಅಧಿಕಾರಗಳನ್ನು ಬಿಟ್ಟುಕೊಡಲು ಹಿಂಜರಿಯುವ ನಮ್ಮಂಥ ಕಡೆ ಎರಡನೆಯ ದಾರಿಯೇ ಹೆಚ್ಚು ಸಾಧ್ಯವಾದದ್ದೆಂದು ನನ್ನ ಅಭಿಪ್ರಾಯ.

ಆದರೆ ಎಲ್ಲವೂ ಒಂದಾಗಬೇಕಿಲ್ಲ. ಕ್ಷಯರೋಗಿಗೆ ಮಧುಮೇಹವಿದೆಯೇ ಎಂಬುದು ಎರಡೂ ಕಾರ್ಯಕ್ರಮಗಳಿಗೆ ಗೊತ್ತಿದ್ದರೆ ಚಿಕಿತ್ಸೆಗೆ ನೆರವಾಗುತ್ತದೆ. ಎಚ್‌ಐವಿ ಸ್ಥಿತಿಯ ವಿಚಾರ ಬೇರೆ: 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅದರ ಗೋಪ್ಯತೆಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಲ್ಲಿ ದೇಶವ್ಯಾಪಿಯಾದ ಮೇಲೆ 14 ಅಂಕಿಯ ಆಭಾ ಸಂಖ್ಯೆ ದಾಖಲೆಗಳನ್ನು ಬೆಸೆಯುವ ಕೊಂಡಿಯಾಗಿದೆ. ಕೊಂಡಿ ಗಟ್ಟಿಯಾದಷ್ಟೂ ಸೋರಿಕೆಯ ಅಪಾಯವೂ ದೊಡ್ಡದು. ಹೆಸರು ಬೇಕಾಗುವುದು ಚಿಕಿತ್ಸೆ ನೀಡುವ ಕಡೆ. ಜಿಲ್ಲಾ ಯೋಜನೆಗೆ ಮೊತ್ತವೇ ಸಾಕು. ಈ ಗೆರೆಯನ್ನು ತಂತ್ರಾಂಶದ ವಿನ್ಯಾಸದಲ್ಲೇ ಎಳೆದಿಡಬೇಕು.

ಏಕೀಕರಣದ ಹೊರೆ ಕೊನೆಗೆ ಬೀಳುವುದು ಉಪಕೇಂದ್ರದ ಮೇಲೆ. ರಿಜಿಸ್ಟರ್‌ನಲ್ಲಿ ಒಮ್ಮೆ ಬರೆದದ್ದನ್ನೇ ಟ್ಯಾಬ್‌ನಲ್ಲಿ ಮತ್ತೊಮ್ಮೆ ತುಂಬುವ ಆರೋಗ್ಯ ಸಹಾಯಕಿಗೆ ಅದರಿಂದ ಈ ವಾರ ಲಸಿಕೆ ತಪ್ಪಿದ ಮಕ್ಕಳ ಪಟ್ಟಿಯಾದರೂ ಮರಳಿ ಸಿಗಬೇಕು. ಹೊಸ ಪೋರ್ಟಲ್‌ಗೆ ಒಪ್ಪಿಗೆ ನೀಡುವ ಮುನ್ನ, ಅದು ಬಂದ ದಿನದಿಂದ ಯಾವ ರಿಜಿಸ್ಟರ್ ನಿಲ್ಲುತ್ತದೆ ಎಂಬುದನ್ನು ಆದೇಶದಲ್ಲೇ ಬರೆಯುವಂತೆ ಆರೋಗ್ಯ ಇಲಾಖೆಗಳು ನಿಯಮ ಮಾಡಬೇಕು.